ಅಮ್ಮನ ಮರೆವು ವಯಸ್ಸಿನದ್ದಾ? ಡಾಕ್ಟರ್ ಮೇಡಂ ಜೊತೆ ಪ್ರಶ್ನೋತ್ತರ

ಈ ವಾರದ ವಿಷಯ ಅಪ್ಪ ಅಮ್ಮಂದಿರ ಮರೆವು. ಉತ್ತರ ಕೊಡುತ್ತಿರುವವರು ದಾವಣಗೆರೆಯಲ್ಲಿ ಹೆಚ್ಚಾಗಿ ಹಿರಿಯರನ್ನೇ ನೋಡುವ ಫಿಜಿಷಿಯನ್.

ಪ್ರಶ್ನೆ (ವಿದ್ಯಾನಗರ): ಮೇಡಂ, ನಮಸ್ಕಾರ. ಅಮ್ಮನಿಗೆ 71. ಅಪ್ಪ ತೀರಿಕೊಂಡ ಮೇಲೆ ಜಗಳೂರು ಕಡೆಯ ನಮ್ಮ ಹಳ್ಳಿಯಿಂದ ಇಲ್ಲಿಗೆ ಕರೆತಂದೆ, ಒಂದೂವರೆ ವರ್ಷ ಆಯ್ತು. ನಾಲ್ಕೈದು ತಿಂಗಳಿಂದ ಮರೆವು ಜಾಸ್ತಿ, ಹೇಳಿದ್ದನ್ನೇ ಹೇಳುತ್ತಾರೆ. ಮೊನ್ನೆ ಹಾಲು ಒಲೆ ಮೇಲಿಟ್ಟು ಹೋಗಿ ಮಲಗಿಬಿಟ್ಟಿದ್ದರು. ಪಾತ್ರೆ ತಳ ಹತ್ತಿ ಮನೆಯೆಲ್ಲ ಹೊಗೆ. ಆವತ್ತಿಂದ ಅಡುಗೆಮನೆಗೆ ಬರಬೇಡಮ್ಮ ಅಂದಿದ್ದೇವೆ. 12 ವರ್ಷದಿಂದ ಶುಗರ್‌ಗೆ ಮೆಟ್‌ಫಾರ್ಮಿನ್ ತಗೋತಾರೆ. ಮೊಟ್ಟೆ, ಮಾಂಸ ತಿನ್ನಲ್ಲ. ಮನೆಯವರು "ಅರವತ್ತಕ್ಕೆ ಅರಳು ಮರಳು ಅಂತಾರೆ, ಇವರಿಗೆ ಎಪ್ಪತ್ತು ದಾಟಿದೆ, ಬಿಡು" ಅಂತಾರೆ. ಪರಿಚಯದವರು ನೆನಪಿನ ಟಾನಿಕ್ ಕೊಡಿ ಅಂದರು. ಕೊಡಬಹುದಾ?

ಉತ್ತರ: ನಮಸ್ಕಾರ ಅಕ್ಕಾ. ಟಾನಿಕ್ ಬೇಡ. ಅದರಿಂದ ಇಂಥ ಮರೆವು ವಾಸಿಯಾಗುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಆ ದುಡ್ಡಲ್ಲಿ ರಕ್ತ ಪರೀಕ್ಷೆ ಮಾಡಿಸಿ. ವಿಟಮಿನ್ ಬಿ12, ಥೈರಾಯ್ಡ್, ಸೋಡಿಯಂ, ಕಿಡ್ನಿ, ಹಿಮೋಗ್ಲೋಬಿನ್, ಜೊತೆಗೆ 3 ತಿಂಗಳ ಶುಗರ್ ಸರಾಸರಿ.

ನನ್ನ ಮೊದಲ ಅನುಮಾನ ಬಿ12 ಮೇಲೆ. ಅದು ಕಾಳಲ್ಲಿ, ಸೊಪ್ಪಲ್ಲಿ, ರೊಟ್ಟಿಯಲ್ಲಿ ಇರುವುದಿಲ್ಲ. ಸಸ್ಯಾಹಾರಿಗಳಿಗೆ ಹಾಲು ಮೊಸರೇ ಆಧಾರ, ವಯಸ್ಸಾದವರು ಅದನ್ನೂ ಅರ್ಧ ಲೋಟಕ್ಕೆ ಇಳಿಸಿರುತ್ತಾರೆ. ಅದರ ಮೇಲೆ ಮೆಟ್‌ಫಾರ್ಮಿನ್. ಒಳ್ಳೆ ಮಾತ್ರೆನೇ, ಆದರೆ ವರ್ಷಗಟ್ಟಲೆ ತಗೊಂಡರೆ ಕರುಳು ಬಿ12 ಹೀರಿಕೊಳ್ಳೋದು ಕಡಿಮೆಯಾಗುತ್ತೆ. ಗ್ಯಾಸ್ಟ್ರಿಕ್ ಅಂತ ಬೆಳಿಗ್ಗೆ ಎದ್ದ ಕೂಡಲೇ ನುಂಗುವ ಮಾತ್ರೆಯನ್ನು ವರ್ಷಾನುಗಟ್ಟಲೆ ಮುಂದುವರಿಸಿದರೂ ಹಾಗೇ. ಪಾದ ಜುಮುಜುಮು ಅನ್ನುತ್ತಾ ಅಂತ ಅಮ್ಮನನ್ನು ಕೇಳಿ ನೋಡಿ. ಆದರೆ ಶುಗರ್ ಮಾತ್ರೆ ನೀವೇ ನಿಲ್ಲಿಸಬೇಡಿ. ಶುಗರ್ ಪದೇ ಪದೇ ತೀರಾ ಕೆಳಗಿಳಿದರೂ ತಲೆ ಮಂಕಾಗುತ್ತೆ, ಅದನ್ನೂ ನೋಡಬೇಕು.

ಬರುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ತುಂಬಿಕೊಂಡು ಬನ್ನಿ. ಚೀಟಿ ಸಾಲದು, ಚೀಲವೇ ಬೇಕು. ಹೋದ ತಿಂಗಳು ಒಬ್ಬ ಅಜ್ಜನ ಚೀಲವನ್ನು ಟೇಬಲ್ ಮೇಲೆ ಸುರಿದಾಗ ಎರಡು ಬೇರೆ ಬೇರೆ ಹೆಸರಿನ ಶೀಟ್ ಸಿಕ್ಕವು, ಒಂದು ಗುಲಾಬಿ ಬಣ್ಣದ್ದು, ಒಂದು ಬಿಳಿ. ಒಳಗಿದ್ದದ್ದು ಒಂದೇ ನಿದ್ರೆ ಮಾತ್ರೆ, ಇಬ್ಬರು ಡಾಕ್ಟರು ಬರೆದದ್ದು. ಅಜ್ಜ ಎರಡನ್ನೂ ನುಂಗುತ್ತಿದ್ದರು. ನಿದ್ರೆ ಮಾತ್ರೆ, ನೆಗಡಿ ಅಲರ್ಜಿಗೆ ಕೊಡುವ ತೂಕಡಿಕೆ ಬರಿಸುವ ಮಾತ್ರೆ, ಪದೇ ಪದೇ ಮೂತ್ರಕ್ಕೆ ಹೋಗುವುದನ್ನು ತಡೆಯುವ ಕೆಲವು ಮಾತ್ರೆ, ಇವೆಲ್ಲ ವಯಸ್ಸಾದವರ ನೆನಪನ್ನು ಮಸುಕು ಮಾಡುತ್ತವೆ. ನಿದ್ರೆ ಮಾತ್ರೆಯನ್ನು ಮಾತ್ರ ಒಂದೇ ಸಲಕ್ಕೆ ಬಿಡಿಸಬೇಡಿ. ನಿಧಾನಕ್ಕೆ ಇಳಿಸಬೇಕು.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ನಿಮ್ಮ ಅಮ್ಮ ಗಂಡನನ್ನು ಕಳೆದುಕೊಂಡರು, ಅದರ ಜೊತೆಗೆ ಊರು, ಹಿತ್ತಲು, ಕಟ್ಟೆ ಮೇಲಿನ ಗೆಳತಿಯರು ಎಲ್ಲ ಬಿಟ್ಟು ಬಂದರು. ಮನಸ್ಸು ಕುಗ್ಗಿದಾಗ ಏನೂ ತಲೆಯಲ್ಲಿ ನಿಲ್ಲಲ್ಲ. ಹೊರಗಿಂದ ನೋಡಿದರೆ ಮರೆವಿನ ಕಾಯಿಲೆ (ಡಿಮೆನ್ಷಿಯಾ) ಥರಾನೇ ಕಾಣುತ್ತೆ. ಊಟ ಸೇರುತ್ತಾ, ಬೆಳಗಿನ ಜಾವ ಎಚ್ಚರ ಆಗುತ್ತಾ, ಹಿಂದೆ ಇಷ್ಟಪಡುತ್ತಿದ್ದದ್ದು ಈಗ ಬೇಡ ಅನ್ನುತ್ತಾರಾ, ಗಮನಿಸಿ. ಇದಕ್ಕೂ ಚಿಕಿತ್ಸೆ ಇದೆ.

ಮತ್ತೆ, ಅಡುಗೆಮನೆಗೆ ಬರಬೇಡ ಅಂದಿರಲ್ಲ, ಅದನ್ನು ವಾಪಸ್ ತಗೊಳ್ಳಿ. ಒಲೆ ಹಚ್ಚುವುದನ್ನು ನೀವು ಇಟ್ಟುಕೊಳ್ಳಿ, ಮಿಕ್ಕಿದ್ದು ಅವರಿಗೆ ಬಿಡಿ. ಅವರೆಕಾಯಿ ಸುಲಿಯೋದು, ಹಿಟ್ಟು ಕಲಸೋದು, ಸಾರಿಗೆ ಉಪ್ಪು ಹುಳಿ ನೋಡೋದು. ಒಬ್ಬ ಅಜ್ಜಿಗೆ ನನ್ನ ಮುಂದೆ ಕೂತಾಗ ಯಾವ ತಿಂಗಳು ಅಂತ ಹೇಳೋಕಾಗಲಿಲ್ಲ, ಕಣ್ಣಲ್ಲಿ ನೀರು ಬಂತು. ಶೇಂಗಾ ಚಟ್ನಿಪುಡಿ ಹೆಂಗೆ ಮಾಡ್ತೀರವ್ವ ಅಂತ ಕೇಳಿದೆ. ಕೈ ತಾನಾಗೇ ಟೇಬಲ್ ಮೇಲೆ ಓಡಾಡತೊಡಗಿತು. ಶೇಂಗಾ ಎಷ್ಟು ಹುರಿಯಬೇಕು, ಸಿಪ್ಪೆ ಹೆಂಗೆ ತಿಕ್ಕಬೇಕು, ಬೆಳ್ಳುಳ್ಳಿ ಯಾವಾಗ ಹಾಕಬೇಕು, ಒಂದೂ ತಪ್ಪಲಿಲ್ಲ. ಕೈಗೆ ರೂಢಿಯಾದದ್ದು ತುಂಬ ಕಾಲ ಉಳಿಯುತ್ತೆ. "ನೀನು ಸುಮ್ನೆ ಕೂತ್ಕೋ ಅಮ್ಮ" ಅಂತ ಪ್ರೀತಿಯಿಂದಲೇ ಹೇಳುತ್ತೇವೆ, ಆದರೆ ದಿನವಿಡೀ ಸುಮ್ಮನೆ ಕೂರಿಸಿದರೆ ಇರುವ ಚುರುಕೂ ಹೋಗುತ್ತೆ.

ಪ್ರಶ್ನೆ (ಚಿತ್ರದುರ್ಗ): ಮೇಡಂ, ಅಪ್ಪಾಜಿಗೆ 78, ರಿಟೈರ್ಡ್ ಮೇಷ್ಟ್ರು. ದಿನಾ ಸಂಜೆ ಗೆಳೆಯರ ಜೊತೆ ಕೂತು ಹರಟುತ್ತಿದ್ದವರು ಈಗ ಹೊರಗೇ ಹೋಗಲ್ಲ. ಟಿವಿ ಮುಂದೆ ಕೂತಿರುತ್ತಾರೆ, ಬೀದಿಗೆಲ್ಲ ಕೇಳುವಷ್ಟು ಸೌಂಡು. ಹೇಳಿದ್ದು ನೆನಪಿರಲ್ಲ. ಇದು ಶುರುವಾ?

ಉತ್ತರ: ಸರ್, ಮೊದಲು ಕಿವಿ ತೋರಿಸಿ. ಕೇಳಿಸದೇ ಇದ್ದದ್ದು ನೆನಪಿರೋದಾದರೂ ಹೇಗೆ? ಎಷ್ಟೋ ಸಲ ಗುಗ್ಗೆ ಗಟ್ಟಿಯಾಗಿ ಕೂತಿರುತ್ತೆ, ತೆಗೆದರೆ ಸಾಕು. ಇಲ್ಲಾಂದ್ರೆ ಶ್ರವಣ ಪರೀಕ್ಷೆ ಮಾಡಿಸಿ, ಅದಕ್ಕೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಹೆಸರುವಾಸಿ.

ಕಿವಿ ಮಂದವಾದರೆ ಜನ ನಾಲ್ಕು ಮಂದಿ ಸೇರುವ ಕಡೆ ಹೋಗುವುದನ್ನೇ ಬಿಡುತ್ತಾರೆ. ಮತ್ತೆ ಮತ್ತೆ "ಆಂ?" ಅನ್ನೋಕೆ ನಾಚಿಕೆ ಆಗುತ್ತೆ, ಅಲ್ವಾ? 2024ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಮರೆವಿನ ಕಾಯಿಲೆಗೆ ದಾರಿ ಮಾಡುವ, ಆದರೆ ನಾವು ಸರಿಪಡಿಸಬಹುದಾದ 14 ಕಾರಣ ಕೊಟ್ಟಿದೆ. ಕಿವಿ ಮಂದವಾಗುವುದು, ಕಣ್ಣು ಮಂಜಾಗುವುದು, ಒಂಟಿತನ, ಬಿಪಿ, ಶುಗರ್, ಕೊಲೆಸ್ಟ್ರಾಲ್, ಬೀಡಿ ಸಿಗರೇಟು ಎಲ್ಲ ಅದರಲ್ಲಿವೆ. ಇವನ್ನೆಲ್ಲ ಜೀವನದುದ್ದಕ್ಕೂ ನೋಡಿಕೊಂಡರೆ ಜಗತ್ತಿನ ಸುಮಾರು 45% ಪ್ರಕರಣ ತಡೆಯಬಹುದು ಅಥವಾ ಮುಂದೂಡಬಹುದು ಅನ್ನೋದು ಅವರ ಲೆಕ್ಕ. ಹಿಯರಿಂಗ್ ಏಡ್ ಕೊಡಿಸಿದರೆ ಮೊದಲ ಕೆಲವು ವಾರ ಕಿರಿಕಿರಿ ಅಂತ ತೆಗೆದಿಡುತ್ತಾರೆ. ದಿನಕ್ಕೆ ಒಂದು ಗಂಟೆಯಿಂದ ಶುರು ಮಾಡಿಸಿ, ಬೈಯಬೇಡಿ. ಆಮೇಲೆ ನೀವೇ ಕೈ ಹಿಡಿದು ಆ ಗೆಳೆಯರ ಹತ್ತಿರ ಬಿಟ್ಟು ಬನ್ನಿ.

ಪ್ರಶ್ನೆ (ನಿಟ್ಟುವಳ್ಳಿ): ಬಾದಾಮಿ, ಒಂದೆಲಗ, ಪದಬಂಧ, ಇವೆಲ್ಲ ಉಪಯೋಗ ಇದೆಯಾ?

ಉತ್ತರ: ಬಾದಾಮಿ ಒಳ್ಳೆ ಆಹಾರ, ಒಂದೆಲಗದ ಚಟ್ನಿ ರುಚಿ. ತಿನ್ನಲಿ, ಔಷಧಿ ಅಂದುಕೊಳ್ಳಬೇಡಿ. ಪದಬಂಧ ಇಷ್ಟ ಇದ್ದರೆ ಮಾಡಲಿ. ಮೊಮ್ಮಕ್ಕಳ ಜೊತೆ ಚೌಕಾಬಾರ ಆಡಿದರೆ ನನಗೆ ಇನ್ನೂ ಖುಷಿ. ಲೆಕ್ಕನೂ ಆಯ್ತು, ಮಾತೂ ಆಯ್ತು.

ನಾನು ಒತ್ತಿ ಹೇಳುವುದು ನಡಿಗೆ ಮತ್ತು ಬಿಪಿ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆದರೆ ಒಳ್ಳೆಯದು. ಕುಂದವಾಡ ಕೆರೆ ಏರಿ ಹತ್ತಿರ ಇದ್ದರೆ ಅಲ್ಲಿ, ಇಲ್ಲಾಂದ್ರೆ ಓಣಿಯಲ್ಲೇ ಹತ್ತತ್ತು ನಿಮಿಷ. ಉಪ್ಪು ದಿನಕ್ಕೆ 5 ಗ್ರಾಂ ದಾಟಬಾರದು, ಅಂದ್ರೆ ಒಂದು ಟೀ ಚಮಚದಷ್ಟು, ಉಪ್ಪಿನಕಾಯಿ ಹಪ್ಪಳ ಎಲ್ಲ ಸೇರಿ. ಮಿರ್ಚಿ ಮಂಡಕ್ಕಿ ಪೂರ್ತಿ ಬಿಡಿಸಬೇಡಿ, ಅಪರೂಪಕ್ಕೆ ಇರಲಿ.

ಪ್ರಶ್ನೆ (ಹರಿಹರ): ಅರ್ಜೆಂಟ್ ಮೇಡಂ. ಅತ್ತೆಗೆ 80. ಮೊನ್ನೆವರೆಗೂ ಚೆನ್ನಾಗಿದ್ದರು. ನಿನ್ನೆ ರಾತ್ರಿಯಿಂದ ಏನೇನೋ ಮಾತಾಡ್ತಾರೆ, ಗೋಡೆ ಹತ್ತಿರ ಯಾರೋ ನಿಂತಿದ್ದಾರೆ ಅಂತಾರೆ. ಮನೆಯಲ್ಲಿ ದೆವ್ವ ಗಿವ್ವ ಅಂತ ಮಾತು ಶುರುವಾಗಿದೆ.

ಉತ್ತರ: ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ನಾಳೆ ಅನ್ನಬೇಡಿ. ಒಂದೇ ದಿನದಲ್ಲಿ ಹೀಗಾದರೆ ಅದು ಸಾಮಾನ್ಯ ಮರೆವಲ್ಲ, ದೆವ್ವವೂ ಅಲ್ಲ. ಮೂತ್ರದ ಸೋಂಕು, ಎದೆಯ ಸೋಂಕು, ಸೋಡಿಯಂ ಇಳಿದಿರುವುದು, ಶುಗರ್ ಏರುಪೇರು, ಹೊಸ ಮಾತ್ರೆ, ಯಾವುದಾದರೂ ಇರಬಹುದು. ವಯಸ್ಸಾದವರಿಗೆ ಸೋಂಕಿದ್ದರೂ ಜ್ವರ ಬರದೇ ಇರಬಹುದು. ಈಚೆಗೆ ಬಿದ್ದಿದ್ದರಾ? ತಲೆಗೆ ಸಣ್ಣ ಪೆಟ್ಟು ಬಿದ್ದು ವಾರಗಳಾದ ಮೇಲೂ ಒಳಗೆ ರಕ್ತ ಸೇರಿರಬಹುದು, ಅದನ್ನು ಅಲ್ಲಿನ ಡಾಕ್ಟರಿಗೆ ಹೇಳಲೇಬೇಕು. ಬಾಯಿ ಸೊಟ್ಟಗಾಗಿದ್ದರೆ, ಕೈಕಾಲು ಸೋತಿದ್ದರೆ 108ಕ್ಕೆ ಫೋನ್ ಮಾಡಿ.

ಪ್ರಶ್ನೆ (ಎಂಸಿಸಿ ಬಿ ಬ್ಲಾಕ್): ನಿಜವಾಗಿ ಮರೆವಿನ ಕಾಯಿಲೆನೇ ಅಂತ ಗೊತ್ತಾಗೋದು ಹೇಗೆ ಮೇಡಂ?

ಉತ್ತರ: ಬೆಣ್ಣೆದೋಸೆ ಯಾವ ಹೋಟೆಲಲ್ಲಿ ತಿಂದೆ ಅನ್ನೋದು ಮರೆತರೆ ಭಯ ಬೇಡ. ತಿಂದು ಬಂದದ್ದೇ ನೆನಪಿಲ್ಲ, ಹೇಳಿದರೂ ನೆನಪಾಗಲ್ಲ ಅಂದ್ರೆ ತೋರಿಸಿ. 40 ವರ್ಷ ಓಡಾಡಿದ ಮಂಡಿಪೇಟೆಯಿಂದ ಮನೆಗೆ ದಾರಿ ತಪ್ಪುವುದು, ಚಿಲ್ಲರೆ ಎಣಿಸೋಕೆ ಕಷ್ಟವಾಗುವುದು, ಸುಮ್ನೆ ಅನುಮಾನ ಪಡುವುದು, ಇವು ಆರೇಳು ತಿಂಗಳಲ್ಲಿ ಹೆಚ್ಚುತ್ತಾ ಹೋದರೆ ತಡ ಮಾಡಬೇಡಿ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ ಇದು ಇದೆ ಅನ್ನೋ ಅಂದಾಜಿದೆ, ಮುಚ್ಚಿಡುವಂಥದ್ದೇನಿಲ್ಲ. ಜಿಲ್ಲಾಸ್ಪತ್ರೆಯಲ್ಲಿ ಶುರು ಮಾಡಿ, ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್. ನೋಡಿಕೊಳ್ಳುವವರಿಗೇ ಸಾಕಾಗಿ ಹೋಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ವಿದ್ಯಾನಗರದವರು, ಎಂಟು ದಿನದ ನಂತರ: ಮೇಡಂ, ರಿಪೋರ್ಟ್ ಬಂತು. ಬಿ12 148. ಥೈರಾಯ್ಡ್ ಸರಿಯಿದೆ. ಪಾದ ಜುಮುಜುಮು ಅನ್ನೋದು ವರ್ಷದಿಂದ ಇತ್ತಂತೆ, ನಮಗೆ ಹೇಳಿಯೇ ಇರಲಿಲ್ಲ. ಈಗ ಸರಿ ಹೋಗ್ತಾರಾ?

ಉತ್ತರ: 200ಕ್ಕಿಂತ ಕೆಳಗಿದ್ದರೆ ಕಡಿಮೆ ಅಂತಲೇ ಲೆಕ್ಕ. ಇಂಜೆಕ್ಷನ್ ಶುರು ಮಾಡೋಣ. ಸುಸ್ತು ಬೇಗ ಕಡಿಮೆಯಾಗಬಹುದು, ಪಾದಕ್ಕೂ ನೆನಪಿಗೂ ತಿಂಗಳುಗಳು ಬೇಕು. ಪೂರ್ತಿ ಮೊದಲಿನ ಹಾಗೆ ಆಗುತ್ತಾರೆ ಅಂತ ಈಗಲೇ ಮಾತು ಕೊಡಲಾರೆ. 3 ತಿಂಗಳು ಬಿಟ್ಟು ನೆನಪಿನ ಪರೀಕ್ಷೆ ಮಾಡೋಣ. ಗುರುವಾರ ಬೆಳಿಗ್ಗೆ ಬನ್ನಿ, ಮಾತ್ರೆ ಚೀಲದ ಜೊತೆಗೆ.