ಅಕ್ಕನ ಮನೆಯ ಟಿವಿಗೆ ಡಿಶ್ಶೋ, ಕೇಬಲ್ಲೋ, ಇಂಟರ್ನೆಟ್ಟೋ

ಆಶಾ, ನಿನ್ನೆ ರಾತ್ರಿ ನೀನು ಗುಂಪಿನಲ್ಲಿ ಹಾಕಿದ್ದನ್ನು ಬೆಳಿಗ್ಗೆ ಕಾಫಿ ಕುಡಿಯುವಾಗ ನೋಡಿದೆ. ಊರಿನಲ್ಲಿ ಅಕ್ಕನ ಮನೆಯ ಡಿಶ್ ಬಾಕ್ಸು ಮೊನ್ನೆಯ ಗುಡುಗು ಮಳೆಗೆ ಸುಟ್ಟುಹೋಗಿದೆ, ಹೊಸ ಬಾಕ್ಸಿಗೆ ದುಡ್ಡು ಹಾಕುವ ಬದಲು ಇಂಟರ್ನೆಟ್ ತೆಗೆದುಕೊಂಡು, ಅದರ ಕಾರ್ಯಕ್ರಮಗಳನ್ನು ಟಿವಿಯಲ್ಲಿ ತೋರಿಸುವ ಸ್ಟಿಕ್ ಒಂದನ್ನು ಟಿವಿಗೆ ಚುಚ್ಚಿಬಿಡೋಣ ಎಂದು ನಿನ್ನ ಮಗ ಹೇಳುತ್ತಾನೆ, ಕೇಬಲ್ಲೇ ಸಾಕು ಎಂದು ಸುರೇಶ ಹೇಳುತ್ತಾನೆ, ಜೊತೆಗೆ ವಿಜಯನಗರದ ನಿಮ್ಮ ಹೊಸ ಫ್ಲ್ಯಾಟಿಗೂ ಏನಾದರೊಂದು ತೀರ್ಮಾನ ಆಗಬೇಕು ಎಂದು ನೀನು ಕೇಳಿದ್ದೀಯ. ಇದನ್ನೆಲ್ಲ ಟೈಪ್ ಮಾಡಲು ಕುಳಿತರೆ ಸಂಜೆಯಾದೀತು, ಆದ್ದರಿಂದ ಮಾತನಾಡಿಯೇ ಕಳುಹಿಸುತ್ತಿದ್ದೇನೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನ ಮಾತು ಪಾಠದ ಹಾಗೆಯೇ ಬರುತ್ತದೆ, ಎಲ್ಲರೂ ಸಹಿಸಿಕೊಳ್ಳಬೇಕು.

ಎರಡು ಮನೆಗೂ ಒಂದೇ ಉತ್ತರ ಹೊಂದುವುದಿಲ್ಲ. ಅಕ್ಕನ ಮನೆಯ ವಿಷಯದಲ್ಲಿ ತಿಂಗಳಿಗೆ ಎಷ್ಟು ಎಂಬ ಲೆಕ್ಕವನ್ನು ನಾನು ಎರಡನೆಯದಾಗಿ ನೋಡುತ್ತೇನೆ. ಸಂಜೆ ಏಳು ಗಂಟೆಗೆ, ಧಾರಾವಾಹಿ ಶುರುವಾಗುವ ಹೊತ್ತಿಗೆ ಸರಿಯಾಗಿ ಟಿವಿ ನಿಂತರೆ ಬಾಗಿಲಿಗೆ ಬರುವವರು ಯಾರು ಎಂಬುದನ್ನು ಮೊದಲು ನೋಡುತ್ತೇನೆ.

ಮೊದಲು ಡಿಶ್ಶಿನ ಮಾತು. ಬಾಕ್ಸು ಈಗ ಸುಟ್ಟಿರುವುದು ನಿಜ, ಆದರೆ ಅದಕ್ಕೂ ಮುಂಚೆ ಒಂದು ವರ್ಷದಿಂದ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು ಎಂದು ಅಕ್ಕ ಹೇಳುತ್ತಲೇ ಇದ್ದರು. ಯುಗಾದಿಗೆ ಹೋಗಿದ್ದಾಗ ನಾನು ಮಾಳಿಗೆ ಹತ್ತಿ ನೋಡಿದೆ. ಡಿಶ್ ಹಾಕಿಸಿದಾಗ ಎದೆಯೆತ್ತರಕ್ಕಿದ್ದ ಹಿತ್ತಲಿನ ತೆಂಗಿನ ಸಸಿ ಈಗ ಮಾಳಿಗೆಗಿಂತ ಮೇಲೆ ಹೋಗಿದೆ, ಅದರ ಎರಡು ಗರಿಗಳು ಡಿಶ್ಶಿನ ಮುಖಕ್ಕೆ ನೇರವಾಗಿ ಅಡ್ಡ ನಿಂತಿವೆ. ಗಾಳಿಗೆ ಗರಿ ಒಂದು ಕಡೆ ಸರಿದಾಗ ಚಿತ್ರ ಬರುತ್ತದೆ, ಮರಳಿ ಬಂದಾಗ ಹೋಗುತ್ತದೆ. ಕೆಳಗೆ ಕುಳಿತ ಅಕ್ಕ ಪಾಪ ರಿಮೋಟನ್ನು ಅಂಗೈಗೆ ತಟ್ಟಿ ತಟ್ಟಿ ಅದರ ಹಿಂದಿನ ಮುಚ್ಚಳವನ್ನೇ ಕಳೆದುಕೊಂಡು, ಈಗ ಸೆಲ್ಲುಗಳನ್ನು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿಟ್ಟಿದ್ದಾರೆ.

ಇದರಲ್ಲಿ ತಿಳಿದುಕೊಳ್ಳಬೇಕಾದ ಸಂಗತಿ ಒಂದಿದೆ. ಈ ಉಪಗ್ರಹಗಳೆಲ್ಲ ಸಮಭಾಜಕ ವೃತ್ತದ ನೇರಕ್ಕೆ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಜೊತೆಜೊತೆಗೆ ಸುತ್ತುವುದರಿಂದ ನಮ್ಮ ಕಣ್ಣಿಗೆ ಆಕಾಶದ ಒಂದೇ ಜಾಗದಲ್ಲಿ ನಿಂತ ಹಾಗಿರುತ್ತವೆ, ಆದರೆ ಒಂದೊಂದು ಕಂಪನಿಯ ಉಪಗ್ರಹ ಒಂದೊಂದು ಜಾಗದಲ್ಲಿದೆ. ನಮ್ಮ ಮೈಸೂರು, ಮಂಡ್ಯದ ಕಡೆಯಿಂದ ನೋಡಿದರೆ ಟಾಟಾ ಪ್ಲೇಯ ಡಿಶ್ 83 ಡಿಗ್ರಿ ಪೂರ್ವ ರೇಖಾಂಶದ ಕಡೆಗೆ, ಅಂದರೆ ದಕ್ಷಿಣಕ್ಕೆ ಸ್ವಲ್ಪ ಪೂರ್ವ ಸೇರಿದ ದಿಕ್ಕಿಗೆ ತಿರುಗಿರುತ್ತದೆ. ಸನ್ ಡೈರೆಕ್ಟ್ ಮತ್ತು ದೂರದರ್ಶನದವರ ಉಚಿತ ಡಿಡಿ ಫ್ರೀ ಡಿಶ್ ಎರಡೂ 93.5 ಡಿಗ್ರಿಯಲ್ಲಿರುವ ಜಿಸ್ಯಾಟ್-15ರಿಂದ ಬರುವುದರಿಂದ ಅವು ಆಗ್ನೇಯಕ್ಕೆ, ಅಂದರೆ ವಾಸ್ತುವಿನವರು ಒಲೆ ಇಡಿಸುವ ಮೂಲೆಯ ಕಡೆಗೆ ನೋಡುತ್ತವೆ. ಏರ್‌ಟೆಲ್‌ನದು 108 ಡಿಗ್ರಿ, ಅದು ಹೆಚ್ಚು ಕಡಿಮೆ ಪೂರ್ವಕ್ಕೇ ಮುಖ ಮಾಡಿರುತ್ತದೆ. ಆದ್ದರಿಂದ ಒಂದು ಕಂಪನಿಯ ಡಿಶ್ಶಿಗೆ ಅಡ್ಡವಾಗುವ ಮರ ಇನ್ನೊಂದು ಕಂಪನಿಯದಕ್ಕೆ ಅಡ್ಡವಾಗದಿರಬಹುದು. ಅಕ್ಕ ಆ ಗರಿ ಕಡಿಯಲು ಒಪ್ಪುವುದಿಲ್ಲ, ಅದು ಭಾವನವರು ತಮ್ಮ ಕೈಯಾರೆ ನೆಟ್ಟ ಸಸಿ, ನಾನೂ ಒತ್ತಾಯ ಮಾಡುವವನಲ್ಲ.

ಮಳೆ ಬಂದರೆ ಡಿಶ್ ಹೋಗುತ್ತದೆ ಎಂಬ ದೂರೂ ಸುಳ್ಳಲ್ಲ. ಮನೆಯ ಸಣ್ಣ ಡಿಶ್ಶಿಗೆ ಬರುವ ಅಲೆಗಳು ಕೆಯು ಬ್ಯಾಂಡಿನವು, ಸುಮಾರು 11ರಿಂದ 12 ಗಿಗಾಹರ್ಟ್ಸ್. ಆ ಅಲೆಗಳನ್ನು ದಪ್ಪ ಹನಿಯ ಮಳೆ ಹೀರಿಬಿಡುತ್ತದೆ. ಹಳೆಯ ಕಾಲದ ಟಿವಿಯಲ್ಲಾದರೆ ಸಿಗ್ನಲ್ ಕಡಿಮೆಯಾದಾಗ ಇರುವೆ ಮುತ್ತಿದ ಹಾಗೆ ಚಿತ್ರ ಮಸುಕಾದರೂ ಕಥೆ ಏನೆಂದು ತಿಳಿಯುತ್ತಿತ್ತು, ಡಿಜಿಟಲ್‌ನಲ್ಲಿ ಇದ್ದರೆ ಪೂರ್ತಿ ಇರುತ್ತದೆ, ಇಲ್ಲದಿದ್ದರೆ ಏನೂ ಇರುವುದಿಲ್ಲ. ಕೇಬಲ್‌ನವರು ತಮ್ಮ ಕೇಂದ್ರದಲ್ಲಿ ಇಟ್ಟುಕೊಳ್ಳುವ ದೊಡ್ಡ ಡಿಶ್ಶುಗಳು ಬಹುಮಟ್ಟಿಗೆ ಸಿ ಬ್ಯಾಂಡಿನವು, ಅಂದರೆ ಸುಮಾರು 4 ಗಿಗಾಹರ್ಟ್ಸ್. ಅವಕ್ಕೆ ಮಳೆಯ ಕಾಟ ತೀರ ಕಡಿಮೆ. ನಮ್ಮ ಕುವೆಂಪುನಗರದ ಮನೆಯಲ್ಲಿ ಎಂಥ ಮುಂಗಾರು ಮಳೆಯಲ್ಲೂ ಕೇಬಲ್ ನಿಂತದ್ದನ್ನು ನಾನು ಕಂಡಿಲ್ಲ.

ಕೇಬಲ್ ನಿಲ್ಲುವುದು ಕರೆಂಟಿನಿಂದ. ಕಂಬದಿಂದ ಕಂಬಕ್ಕೆ ಎಳೆದ ಆ ಕಪ್ಪು ವೈರಿನಲ್ಲಿ ಸಿಗ್ನಲ್ ದೂರ ಹೋದಂತೆಲ್ಲ ಸೊರಗುತ್ತದೆ, ಅದನ್ನು ಎತ್ತಿ ಕೊಡಲು ಅಲ್ಲಲ್ಲಿ ಆಂಪ್ಲಿಫಯರ್ ಇಟ್ಟಿರುತ್ತಾರೆ, ಅವುಗಳಿಗೆ ಕರೆಂಟು ಬೇಕು. ನಿಮ್ಮ ಮನೆಯಲ್ಲಿ ಯುಪಿಎಸ್ ಇದ್ದರೂ ಮೂರನೆಯ ಬೀದಿಯ ಆಂಪ್ಲಿಫಯರಿಗೆ ಕರೆಂಟಿಲ್ಲದಿದ್ದರೆ ನಿಮ್ಮ ಟಿವಿ ಖಾಲಿ. ಡಿಶ್ಶಿನ ಒಳ್ಳೆಯ ಗುಣವೆಂದರೆ ಇದೇ, ಊರಿಗೆ ಊರೇ ಕತ್ತಲಾಗಿದ್ದರೂ ಮನೆಯಲ್ಲಿ ಒಂದು ಬ್ಯಾಟರಿ ಇದ್ದರೆ ಅದು ನಡೆಯುತ್ತದೆ. ಫೈಬರ್ ಇಂಟರ್ನೆಟ್ಟಿನದೂ ಹೆಚ್ಚು ಕಡಿಮೆ ಹೀಗೆಯೇ: ಗಾಜಿನ ಎಳೆಯಲ್ಲಿ ಹೋಗುವುದು ಬೆಳಕು, ದಾರಿಯಲ್ಲಿ ಅದನ್ನು ಕವಲು ಮಾಡುವ ಡಬ್ಬಿಗಳಿಗೆ ಕರೆಂಟು ಬೇಕಿಲ್ಲ, ಅವರ ಕಚೇರಿಯಲ್ಲಿ ಮತ್ತು ನಮ್ಮ ಮನೆಯಲ್ಲಿ ಇದ್ದರೆ ಸಾಕು.

ಇನ್ನು ದುಡ್ಡಿನ ಲೆಕ್ಕ. ನಿಮಗೆಲ್ಲ ನೆನಪಿರಬಹುದು, ಕೇಬಲ್ ಟಿವಿಯನ್ನು ಡಿಜಿಟಲ್ ಮಾಡುವ ಸರ್ಕಾರದ ಯೋಜನೆಯಲ್ಲಿ ಬೆಂಗಳೂರಿನ ಜೊತೆಗೆ ಮೈಸೂರೂ ಎರಡನೆಯ ಹಂತದ ಪಟ್ಟಿಯಲ್ಲಿ ಇದ್ದುದರಿಂದ ನಮಗೆ ಸೆಟ್‌ಟಾಪ್ ಬಾಕ್ಸಿನ ಗಡುವು 2013ರ ಮಾರ್ಚ್ 31ಕ್ಕೇ ಬಂತು, ಊರಿನ ಕಡೆಗೆ ಅದು 2017ರ ಮಾರ್ಚ್‌ವರೆಗೆ ಎಳೆಯಿತು. ಆಮೇಲೆ 2019ರ ಫೆಬ್ರವರಿ 1ರಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ತಂದ ಹೊಸ ನಿಯಮದ ಪ್ರಕಾರ ಡಿಶ್ ಇರಲಿ ಕೇಬಲ್ ಇರಲಿ, ಬಿಲ್ಲು ಎರಡು ಭಾಗವಾಯಿತು: ಸಂಪರ್ಕದ ಮೂಲ ಶುಲ್ಕ ಬೇರೆ, ದುಡ್ಡಿನ ಚಾನೆಲ್‌ಗಳ ಬೆಲೆ ಬೇರೆ. ಮೂಲ ಶುಲ್ಕ ಆಗ 130 ರೂಪಾಯಿ ಮೀರಬಾರದೆಂದಿತ್ತು, ಶೇಕಡಾ 18 ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ ಆಗುತ್ತಿತ್ತು. 2024ರಲ್ಲಿ ಆ ಮಿತಿಯನ್ನು ತೆಗೆದು ಶುಲ್ಕವನ್ನು ಅವರವರಿಗೇ ಬಿಟ್ಟಿದ್ದಾರೆ, ಆದ್ದರಿಂದ ಈಗ ಬಾಯಿಬಿಟ್ಟು ಕೇಳಿಯೇ ತಿಳಿದುಕೊಳ್ಳಬೇಕು. ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳುವ ಹಕ್ಕು ಮಾತ್ರ ನಮಗೆ ಇದ್ದೇ ಇದೆ. ಪ್ಯಾಕಿನೊಳಗೆ ಸೇರಿಸುವ ಚಾನೆಲ್ಲಿನ ಬಿಡಿ ಬೆಲೆ ತಿಂಗಳಿಗೆ 19 ರೂಪಾಯಿ ದಾಟುವಂತಿಲ್ಲ. 2019ರಲ್ಲಿ ನಮ್ಮ ಮನೆಗೆ ಕೇಳದೆಯೇ ಹಾಕಿದ ಪ್ಯಾಕಿನಲ್ಲಿ ನಮಗೆ ಯಾರಿಗೂ ಬಾರದ ಭಾಷೆಗಳ ಚಾನೆಲ್‌ಗಳು ಡಜನ್ನುಗಟ್ಟಲೆ ಇದ್ದವು, ಎರಡು ತಿಂಗಳು ದುಡ್ಡು ಕೊಟ್ಟ ಮೇಲೆ ನಾನು ಒಂದು ಹಾಳೆಯಲ್ಲಿ ಹನ್ನೊಂದು ಚಾನೆಲ್‌ಗಳ ಹೆಸರು ಬರೆದು ಕೈಗಿತ್ತೆ, ಮುಂದಿನ ತಿಂಗಳಿನಿಂದ ಬಿಲ್ಲು ಇಳಿಯಿತು. ಅಕ್ಕನಿಗೆ ಬೇಕಾಗಿರುವುದು ನಾಲ್ಕು ಕನ್ನಡ ಮನರಂಜನಾ ಚಾನೆಲ್, ಒಂದೆರಡು ವಾರ್ತೆ, ಒಂದು ಭಕ್ತಿಯದು. ಅಷ್ಟನ್ನೇ ಬರೆದುಕೊಡೋಣ.

ಈಗ ನಿನ್ನ ಮಗನ ಸ್ಟಿಕ್ಕಿಗೆ ಬರುತ್ತೇನೆ. ಹುಡುಗ ಹೇಳುವುದರಲ್ಲಿ ತಪ್ಪಿಲ್ಲ, ಆದರೆ ಅವನು ತನ್ನ ಕೈಯಲ್ಲಿ ರಿಮೋಟ್ ಇಟ್ಟುಕೊಂಡು ಯೋಚಿಸುತ್ತಿದ್ದಾನೆ, ರಿಮೋಟ್ ಇರುವುದು ಎಪ್ಪತ್ತನಾಲ್ಕು ವರ್ಷದ ಅಜ್ಜಿಯ ಕೈಯಲ್ಲಿ. ಅಕ್ಕ ಚಾನೆಲ್‌ಗಳನ್ನು ಹೆಸರಿನಿಂದ ಹುಡುಕುವುದಿಲ್ಲ, ಅಂಕಿಯಿಂದ ಒತ್ತುತ್ತಾರೆ, ಆನ್ ಮಾಡುವ ಗುಂಡಿಯ ಮೇಲೆ ಹಣೆಗೆ ಇಡುವ ಕೆಂಪು ಸ್ಟಿಕ್ಕರ್ ಅಂಟಿಸಿಕೊಂಡಿದ್ದಾರೆ. ಆ್ಯಪ್‌ಗಳಲ್ಲಿ ಅವರು ನೋಡುವ ಧಾರಾವಾಹಿಗಳು ಒಂದೇ ಕಡೆ ಸಿಗುವುದಿಲ್ಲ, ಜೀ ಕನ್ನಡದ್ದು ಜೀ5ರಲ್ಲಿ, ಕಲರ್ಸ್ ಕನ್ನಡದ್ದು ಮತ್ತು ಸ್ಟಾರ್ ಸುವರ್ಣದ್ದು ಜಿಯೋಹಾಟ್‌ಸ್ಟಾರ್‌ನಲ್ಲಿ, ಉದಯದ್ದು ಸನ್ ನೆಕ್ಸ್ಟ್‌ನಲ್ಲಿ. ಏಳು ಗಂಟೆಯದು ಮುಗಿದು ಏಳೂವರೆಯದು ಬರಬೇಕಾದರೆ ಒಂದು ಮನೆಯಿಂದ ಹೊರಬಂದು ಇನ್ನೊಂದು ಮನೆಯ ಬಾಗಿಲು ತಟ್ಟಿದ ಹಾಗೆ. ಬೇಕೆಂದಾಗ ನೋಡಬಹುದು ಎಂಬ ಸೌಕರ್ಯ ಅಕ್ಕನಿಗೆ ಸೌಕರ್ಯವೇ ಅಲ್ಲ, ಏಕೆಂದರೆ ಅವರು ನೋಡುವುದು ಬೀದಿಯ ಉಳಿದ ಹೆಂಗಸರು ನೋಡುವ ಹೊತ್ತಿಗೆ, ಮಾರನೆಯ ದಿನ ಜಗಲಿಯಲ್ಲಿ ಕುಳಿತು ಆ ಅತ್ತೆಯನ್ನು ಬಯ್ಯುವುದಕ್ಕೆ.

ಮೊಬೈಲಿನ ಹಾಟ್‌ಸ್ಪಾಟಿನಲ್ಲಿ ನಡೆಸಬಹುದು ಎಂದೂ ಅವನು ಬರೆದಿದ್ದಾನೆ. ಎಚ್‌ಡಿ ಗುಣಮಟ್ಟದಲ್ಲಿ ಗಂಟೆಗೆ ಸುಮಾರು 3 ಜಿಬಿ ಖರ್ಚಾಗುತ್ತದೆ, ದಿನಕ್ಕೆ 2 ಜಿಬಿಯ ಪ್ಯಾಕು ನಲವತ್ತು ನಿಮಿಷಕ್ಕೆ ಮುಗಿಯುತ್ತದೆ. ಅಕ್ಕ ದಿನಕ್ಕೆ ನಾಲ್ಕು ಗಂಟೆ ನೋಡಿದರೆ ತಿಂಗಳಿಗೆ 360 ಜಿಬಿ. ಅದು ಮನೆಯ ಫೈಬರ್ ಸಂಪರ್ಕಕ್ಕೆ ಲೆಕ್ಕವೇ ಅಲ್ಲ, ಆದರೆ ಆ ಊರಿನಲ್ಲಿ ಅಕ್ಕನ ಬೀದಿಗೆ ಫೈಬರ್ ಇನ್ನೂ ಬಂದಿಲ್ಲ.

ಹೀಗಾಗಿ ಅಕ್ಕನಿಗೆ ಕೇಬಲ್. ಸುರೇಶ, ನಿನ್ನ ಮಾತು ಗೆದ್ದಿತು ಎಂದು ಬೀಗಬೇಡ, ನನ್ನ ಕಾರಣ ಬೇರೆ. ಡಿಶ್ ಕಂಪನಿಗೆ ಫೋನ್ ಮಾಡಿದರೆ ಕನ್ನಡಕ್ಕೆ ಇಂಥ ಅಂಕಿ ಒತ್ತಿ ಎನ್ನುತ್ತದೆ, ಒತ್ತಿದ ಮೇಲೆ ಹತ್ತು ನಿಮಿಷ ಹಾಡು ಕೇಳಿಸುತ್ತದೆ, ಆಮೇಲೆ ಎರಡು ದಿನ ಬಿಟ್ಟು ಒಬ್ಬರು ಬರುತ್ತಾರೆ, ಬಂದದ್ದಕ್ಕೆ ಬೇರೆ ದುಡ್ಡು. ಊರಿನ ಕೇಬಲ್ ಹುಡುಗ ಎರಡು ಬೀದಿ ಆಚೆ ಇದ್ದಾನೆ, ಅವನ ತಾಯಿ ಅಕ್ಕನ ಹತ್ತಿರ ಹೆಪ್ಪಿಗೆ ಮಜ್ಜಿಗೆ ಒಯ್ಯುತ್ತಾರೆ. ಅವನು ಬರದೆ ಇರಲಾರ. ಸುಟ್ಟ ಬಾಕ್ಸಿನ ಹಳೆಯ ಡಿಶ್ಶನ್ನು ಮಾತ್ರ ಗುಜರಿಗೆ ಹಾಕಬೇಡಿ. ಅದನ್ನು ಮಾಳಿಗೆಯ ಇನ್ನೊಂದು ಮೂಲೆಗೆ, ತೆಂಗಿನ ಮರ ಅಡ್ಡ ಬಾರದ ಕಡೆಗೆ ಸರಿಸಿ, ಬೇಕಾದರೆ ಅದರ ಮುಂದೆ ಸಿಗ್ನಲ್ ಹಿಡಿಯಲು ಇರುವ ಎಲ್‌ಎನ್‌ಬಿ ಬದಲಿಸಿ, ಫ್ರೀ ಡಿಶ್ಶಿನ ಒಂದು ಬಾಕ್ಸು ಜೋಡಿಸಿದರೆ ತಿಂಗಳ ಬಾಡಿಗೆಯಿಲ್ಲದೆ ಚಂದನ ಬರುತ್ತದೆ. ಅಕ್ಕನ ಧಾರಾವಾಹಿಯ ಚಾನೆಲ್‌ಗಳು ದುಡ್ಡಿನವು, ಅವು ಅದರಲ್ಲಿ ಸಿಗುವುದಿಲ್ಲ. ಆದರೆ ವಿಜಯದಶಮಿಯ ದಿನ ಊರಿನಲ್ಲಿ ಕರೆಂಟು ಹೋಗಿ ಕೇಬಲ್ ನಿಂತರೂ ಬ್ಯಾಟರಿಯಲ್ಲಿ ಜಂಬೂಸವಾರಿ ನೋಡಬಹುದು. ಸೆಪ್ಟೆಂಬರ್ ಕೊನೆಯಲ್ಲಿ ಮತ್ತು ಮಾರ್ಚ್ ನಡುವಿನಲ್ಲಿ ಕೆಲವು ದಿನ ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನಿಗೆ ಬಂದು ಹಗಲಿನಲ್ಲಿ ಕೆಲವು ನಿಮಿಷ ಚಿತ್ರ ಹೋಗುತ್ತದೆ, ಆಗ ಯಾರೂ ಮಾಳಿಗೆ ಹತ್ತಿ ಡಿಶ್ ತಿರುಗಿಸಲು ಹೋಗಬೇಡಿ, ಅದು ತಾನಾಗಿ ಬರುತ್ತದೆ.

ನಿಮ್ಮ ವಿಜಯನಗರದ ಫ್ಲ್ಯಾಟಿನ ಮಾತು ಸುಲಭ. ನಿಮ್ಮ ಬಾಲ್ಕನಿ ಇರುವುದು ಪಶ್ಚಿಮಕ್ಕೆ, ಮೇಲೆ ಹೇಳಿದ ಯಾವ ಉಪಗ್ರಹವೂ ಆ ಕಡೆ ಇಲ್ಲ, ಆದ್ದರಿಂದ ಡಿಶ್ ಎಂಬ ಯೋಚನೆಯೇ ಬೇಡ. ಆಫೀಸಿನ ಕೆಲಸಕ್ಕೆಂದು ಫೈಬರ್ ಹೇಗೂ ಇದೆ, ಫುಲ್ ಎಚ್‌ಡಿ ಚಿತ್ರಕ್ಕೆ 5 ಎಂಬಿಪಿಎಸ್ ವೇಗ ಸಾಕು, 4ಕೆಗೆ 15 ಇದ್ದರೆ ಆಯಿತು, ನಿಮ್ಮದು ಅದಕ್ಕಿಂತ ಎಷ್ಟೋ ಹೆಚ್ಚು. ಆ್ಯಪ್‌ಗಳನ್ನು ಒಟ್ಟಿಗೆ ನಾಲ್ಕು ಇಟ್ಟುಕೊಳ್ಳದೆ ಒಂದು ಮುಗಿಸಿ ಇನ್ನೊಂದನ್ನು ತೆಗೆದುಕೊಳ್ಳಿ, ದುಡ್ಡು ತಾನಾಗಿ ಕಡಿತವಾಗುವ ವ್ಯವಸ್ಥೆಯನ್ನು ಅದೇ ದಿನವೇ ನಿಲ್ಲಿಸಿ. ಕಡಿತಕ್ಕೆ 24 ಗಂಟೆ ಮುಂಚೆ ಸಂದೇಶ ಕಳುಹಿಸಬೇಕೆಂಬ ನಿಯಮ ಇದೆ, ನನಗೂ ಬಂದಿತ್ತು, ಯಾವುದೋ ಜಾಹೀರಾತೆಂದು ಅಳಿಸಿದೆ, ಒಂದು ವರ್ಷದ ಚಂದಾ ಹೋಯಿತು. ಕ್ರಿಕೆಟ್ಟಿನಲ್ಲಿ ಒಂದು ಕೊರತೆ ಇದ್ದೇ ಇರುತ್ತದೆ. ಇಂಟರ್ನೆಟ್ಟಿನಲ್ಲಿ ಬರುವ ಆಟ ಕೇಬಲ್ಲಿಗಿಂತ ಅಷ್ಟಿಷ್ಟು ಸೆಕೆಂಡು ಹಿಂದೆ ಇರುತ್ತದೆ, ಬೌಲರ್ ಇನ್ನೂ ಓಡಿ ಬರುತ್ತಿರುವಾಗಲೇ ಪಕ್ಕದ ಮನೆಯವರು ಔಟ್ ಎಂದು ಕೂಗುತ್ತಾರೆ. ಮಗನಿಗೆ ಕಿಟಕಿ ಹಾಕಿಕೊಂಡು ನೋಡು ಎಂದು ಹೇಳು.

ಭಾನುವಾರ ಬೆಳಿಗ್ಗೆಯ ರೈಲಿನಲ್ಲಿ ನಾನು ಪಾಂಡವಪುರಕ್ಕೆ ಬಂದು ಅಲ್ಲಿಂದ ಊರಿಗೆ ಹೋಗುತ್ತೇನೆ. ಕೇಬಲ್ ಹುಡುಗನಿಗೆ ಹತ್ತು ಗಂಟೆಯ ಮೇಲೆ ಬರಲು ಹೇಳಿರು, ಹೊಸ ಬಾಕ್ಸಿನ ರಿಮೋಟಿಗೆ ಅಂಟಿಸಲು ಅಕ್ಕನ ಕೆಂಪು ಸ್ಟಿಕ್ಕರಿನ ಒಂದು ಹಾಳೆ ದೇವರಾಜ ಮಾರುಕಟ್ಟೆಯಿಂದ ನಾನೇ ತರುತ್ತೇನೆ.