ನಾಯಿಗೆ ಹಸಿ ಮಾಂಸ ಹಾಕಬಹುದಾ? ಹಾಕಿ ನೋಡಿದವರು ಹೇಳಿ

ನಿಟುವಳ್ಳಿ, ದಾವಣಗೆರೆ:
ನಮ್ಮ ಲ್ಯಾಬ್ರಡಾರ್‌ಗೆ ಒಂದೂವರೆ ವರ್ಷ. ಇಲ್ಲಿವರೆಗೆ ಅನ್ನ, ಬೇಯಿಸಿದ ಕೋಳಿ, ಮೊಟ್ಟೆ ಹಾಕ್ತಿದ್ವಿ. ಹಸಿದೇ ಹಾಕು, ಕೂದಲು ಹೊಳೆಯುತ್ತೆ ಅಂತ ಗೆಳೆಯನೊಬ್ಬ ಗಂಟು ಬಿದ್ದಿದಾನೆ. ಚಿಕನ್ ಅಂಗಡಿಯವರು ತಲೆ, ಕಾಲು, ಚರ್ಮ ಕಡಿಮೆ ದುಡ್ಡಿಗೆ ಕೊಡ್ತೀನಿ ಅಂದಿದಾರೆ. ಮನೇಲಿ ಎರಡು ವರ್ಷದ ಮಗಳಿದಾಳೆ. ಯಾರಾದ್ರೂ ಹಾಕಿದೀರಾ?

ವಿದ್ಯಾನಗರದಿಂದ:
ಹಾಕಿದ್ವಿ ಸರ್, ಮೂರು ತಿಂಗಳು. ಮಗಳಿದಾಳೆ ಅಂದ್ರಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ನಾಯಿಗೆ ಏನೂ ಆಗಲಿಲ್ಲ. ಚೆನ್ನಾಗಿ ತಿಂತು, ಚುರುಕಾಗೇ ಇತ್ತು. ಅದನ್ನ ನೋಡೇ ನಾವು ಧೈರ್ಯವಾಗಿದ್ವಿ. ಏಪ್ರಿಲ್ ಬಿಸಿಲಲ್ಲಿ ನಮ್ಮ ಅತ್ತೆಯವರಿಗೆ ಜ್ವರ, ಭೇದಿ ಶುರುವಾಗಿ ಐದು ದಿನ ಆಸ್ಪತ್ರೆ. ಪರೀಕ್ಷೆಯಲ್ಲಿ ಸಾಲ್ಮೊನೆಲ್ಲಾ ಬಂತು. ನಾಯಿಯಿಂದಲೇ ಬಂತು ಅಂತ ಯಾರೂ ತೋರಿಸಿಕೊಟ್ಟಿಲ್ಲ, ನಾನೂ ಹಾಗೆ ಹೇಳಲ್ಲ. ಆದ್ರೆ ಪಶುವೈದ್ಯರು ಹೇಳಿದ್ದು ಕೇಳಿ ನನಗೆ ನಿದ್ದೆ ಬರಲಿಲ್ಲ: ನಾಯಿ ತಾನು ಗಟ್ಟಿಯಾಗಿದ್ದೂ ಈ ರೋಗಾಣುವನ್ನ ಮಲದಲ್ಲಿ ಹೊರಗೆ ಹಾಕ್ತಿರಬಹುದು. ತಿಂದ ಬಾಯಲ್ಲೇ ಮಗುವಿನ ಕೈ ನೆಕ್ಕುತ್ತೆ. ಅದರ ಬೋಗುಣಿ, ನಾವು ಮಾಂಸ ಹೆಚ್ಚಿದ ಮಣೆ, ಸಿಂಕು ಎಲ್ಲದಕ್ಕೂ ಹತ್ತುತ್ತೆ. ಚಿಕ್ಕ ಮಕ್ಕಳು, ವಯಸ್ಸಾದವರು, ಬಸುರಿಯರಿಗೆ ಇದು ಬೇಗ ತಗಲುತ್ತೆ.

ಫ್ರೀಜರಲ್ಲಿಟ್ಟರೆ ಸಾಯುತ್ತೆ ಅಂದ್ಕೊಂಡಿದ್ದೆ. ಬ್ಯಾಕ್ಟೀರಿಯಾ ಹೆಚ್ಚಿನವು ಸಾಯಲ್ಲ, ಕರಗಿದ ಮೇಲೆ ಮತ್ತೆ ಬೆಳೀತವೆ. ನಲ್ಲಿ ಕೆಳಗೆ ತೊಳೆದರೆ ಸುತ್ತ ಸಿಡಿಯುತ್ತೆ ಅಷ್ಟೆ. ಕೋಳಿಮಾಂಸ ಒಳಗಿನವರೆಗೆ 74 ಡಿಗ್ರಿ ಬಿಸಿ ಆದ್ರೆ ಸಾಯೋದು. ಅದೂ ಬೆಳಗಿನಿಂದ ಬಯಲಲ್ಲಿ ನೇತು ಹಾಕಿದ ಮಾಂಸ, ನಮ್ಮೂರ ಬೇಸಿಗೆ ನಿಮಗೇ ಗೊತ್ತು.

ಈಗ ಕುಕ್ಕರಲ್ಲಿ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಏನೂ ಹಾಕದೆ ಕೂಗಿಸ್ತೀನಿ. ಆರಿದ ಮೇಲೆ ಎಲುಬೆಲ್ಲ ಆರಿಸಿ ತೆಗೀತೀನಿ, ಬೆಂದ ಎಲುಬು ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತೆ. ಹಸಿ ಎಲುಬೂ ಕಮ್ಮಿಯಿಲ್ಲ, ಹಲ್ಲು ಮುರಿಯುತ್ತೆ, ಗಂಟಲಲ್ಲಿ ಸಿಕ್ಕುತ್ತೆ. ಇನ್ನು ಹೊಳಪು. ಅದು ಬರೋದು ಕೊಬ್ಬಿನಂಶದಿಂದ. ಬೇಯಿಸಿದ ನೀರನ್ನೂ ಅನ್ನಕ್ಕೆ ಕಲಸಿ ಹಾಕಿ, ಎಲ್ಲೂ ಹೋಗಲ್ಲ.

ಚಳ್ಳಕೆರೆ ಕಡೆಯಿಂದ:
ಕುರಿ ಸಾಕೋ ಮನೆ ನಮ್ಮದು. ಕುರಿ ಕೊಯ್ದಾಗ ಲಿವರ್, ಶ್ವಾಸಕೋಶದಲ್ಲಿ ನೀರು ತುಂಬಿದ ಗುಳ್ಳೆ ಕಾಣುತ್ತಲ್ಲ, ಅಂಥದ್ದನ್ನ ಅಡುಗೆಗೆ ಬೇಡ ಅಂತ ನಾಯಿಗೆ ಎಸೆಯೋದು ನಮ್ಮಲ್ಲಿ ರೂಢಿ. ದಯವಿಟ್ಟು ಎಸೀಬೇಡ್ರಿ. ಆ ಗುಳ್ಳೆಯಿಂದ ನಾಯಿ ಹೊಟ್ಟೇಲಿ ಲಾಡಿಹುಳ ಆಗುತ್ತೆ. ಅದರ ಮೊಟ್ಟೆ ಮಲದಲ್ಲಿ ಬಂದು ಕೂದಲಿಗೂ ಅಂಟುತ್ತೆ. ಮೈ ಸವರಿ ಕೈ ತೊಳೀದೆ ಉಂಡರೆ ನಮ್ಮ ಲಿವರಲ್ಲೂ ಅದೇ ಗುಳ್ಳೆ. ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತೆ. ನಮ್ಮ ಚಿಕ್ಕಪ್ಪಗೆ ಆಪರೇಷನ್ನೇ ಆಯ್ತು. ಈಗ ಅಂಥ ಭಾಗ ಆಳವಾಗಿ ಹೂಳ್ತೀವಿ, ಡಾಕ್ಟ್ರು ಹೇಳಿದ ಲೆಕ್ಕದಲ್ಲಿ ನಾಯಿಗೆ ಪ್ರಾಜಿಕ್ವಾಂಟೆಲ್ ಮಾತ್ರೆ ಕೊಡ್ತೀವಿ.

ಪಿ.ಜೆ. ಬಡಾವಣೆಯಿಂದ:
ಮರಿ ಇರೋರು ಇದನ್ನೂ ಓದಿ. ನಾಲ್ಕು ತಿಂಗಳ ಮರಿಗೆ ಎರಡು ತಿಂಗಳು ಬರೀ ಎಲುಬಿಲ್ಲದ ಮಾಂಸ ಹಾಕಿದೆ, ಮುಂಗಾಲು ಬಾಗಿದವು. ಮಾಂಸದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ತೀರಾ ಕಮ್ಮಿಯಂತೆ, ಮೈ ತನ್ನ ಮೂಳೆಯಿಂದಲೇ ಎಳೆದುಕೊಳ್ಳುತ್ತೆ. ಬೇಯಿಸಿ ಹಾಕಿದ್ರೂ ಈ ಕೊರತೆ ತಪ್ಪಲ್ಲ. ಆಹಾರ ಸರಿಮಾಡಿದ ಮೇಲೆ ನಡೀತಿದಾನೆ, ಒಂದು ಕಾಲು ಇನ್ನೂ ಸೊಟ್ಟಗಿದೆ. ನನ್ನಿಂದಾದ ತಪ್ಪು ಅದು.

ನಿಟುವಳ್ಳಿ:
ಎಲ್ಲರಿಗೂ ನಮಸ್ಕಾರ. ಅಂಗಡಿಯವರಿಗೆ ಬೇಡ ಅಂದೆ. ನಾಯಿ ಬೋಗುಣಿಯನ್ನ ಅಡುಗೆಮನೆ ಸಿಂಕಲ್ಲೇ ತೊಳೀತಿದ್ವಿ, ಮಗಳ ಹಾಲಿನ ಬಾಟಲೂ ಅಲ್ಲೇ. ಇವತ್ತಿಂದ ಬೋಗುಣಿ ಹಿತ್ತಲ ನಲ್ಲಿಗೆ ಹೋಯ್ತು. ಜಂತುಹುಳದ ಔಷಧಿ ಕೊನೆಗೆ ಯಾವಾಗ ಕೊಟ್ಟಿದ್ವಿ ಅಂತ ನೆನಪೇ ಇಲ್ಲ, ಸೋಮವಾರ ಪಶು ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ.