ಸಂಶೋಧನಾ ವಿಧಾನ, ಅಂಕಿಅಂಶ: ಎಲ್ಲಿಂದ ಶುರು ಮಾಡಲಿ?

ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡುತ್ತಿದ್ದೇನೆ. ವಿದ್ಯಾರ್ಥಿಗಳು ಮೊಬೈಲ್‌ನಲ್ಲಿ ಕಳೆಯುವ ಸಮಯಕ್ಕೂ ಅವರ ಓದಿಗೂ ಏನು ಸಂಬಂಧ ಅಂತ ಪ್ರಬಂಧ ಬರೆಯಬೇಕು. ಪ್ರಶ್ನಾವಳಿ ಸಿದ್ಧವಿದೆ. ನಾಳಿದ್ದಿನಿಂದ 300 ಜನರಿಗೆ ಲಿಂಕ್ ಕಳಿಸುವ ಯೋಚನೆ. ಆದರೆ ಶಾಲೆ ಮುಗಿದ ಮೇಲೆ ಗಣಿತ ಮುಟ್ಟಿಲ್ಲ, ಸರಾಸರಿ ಬಿಟ್ಟರೆ ಏನೂ ಗೊತ್ತಿಲ್ಲ. ಮೊದಲು ಏನು ಕಲಿಯಲಿ? ಅನುಭವ ಇರುವವರು ದಯವಿಟ್ಟು ಹೇಳಿ.

---

ನಾಳಿದ್ದು ಕಳಿಸಬೇಡಿ. ನಾನು ಹಾಗೇ ಅವಸರ ಮಾಡಿ ಮೂರು ತಿಂಗಳು ಕಳೆದುಕೊಂಡೆ. "ದಿನಕ್ಕೆ ಎಷ್ಟು ಹೊತ್ತು ಓದುತ್ತೀರಿ?" ಅಂತ ಕೇಳಿ ‘ಕಡಿಮೆ, ಸಾಧಾರಣ, ಜಾಸ್ತಿ’ ಅಂತ ಮೂರು ಆಯ್ಕೆ ಕೊಟ್ಟಿದ್ದೆ. ಎರಡು ಗಂಟೆ ಅಂದರೆ ಒಬ್ಬರಿಗೆ ಜಾಸ್ತಿ, ಇನ್ನೊಬ್ಬರಿಗೆ ಕಡಿಮೆ. ಫಾರ್ಮ್‌ಗಳೆಲ್ಲ ತುಂಬಿ ಬಂದ ಮೇಲೆ ಸರಾಸರಿ ತೆಗೆಯಲು ಕೂತೆ. ಯಾವುದರ ಸರಾಸರಿ? ನನ್ನ ಹತ್ತಿರ ಗಂಟೆಗಳೇ ಇರಲಿಲ್ಲ.

ಅಳತೆಯಲ್ಲಿ ನಾಲ್ಕು ಬಗೆ ಇದೆ ಅಂತ ಆಮೇಲೆ ಓದಿದೆ. ಸ್ಟ್ಯಾನ್ಲಿ ಸ್ಟೀವನ್ಸ್ ಎಂಬ ಮನಶ್ಶಾಸ್ತ್ರಜ್ಞರು 1946ರಲ್ಲಿ ಮಾಡಿದ ವಿಂಗಡಣೆ ಅದು. ಯಾವ ವಿಷಯ ಓದುತ್ತಾರೆ ಅನ್ನುವುದು ಬರೀ ಹೆಸರು. ನನ್ನ ‘ಕಡಿಮೆ, ಸಾಧಾರಣ, ಜಾಸ್ತಿ’ಯಲ್ಲಿ ಕ್ರಮ ಇದೆ, ಆದರೆ ನಡುವಿನ ಅಂತರ ಎಷ್ಟು ಅಂತ ಗೊತ್ತಿಲ್ಲ. ಸೆಲ್ಸಿಯಸ್ ಉಷ್ಣತೆಯಲ್ಲಿ ಅಂತರ ಸಮ, ಆದರೆ ಸೊನ್ನೆ ಅಂದರೆ ‘ಏನೂ ಇಲ್ಲ’ ಅಂತಲ್ಲ. ಗಂಟೆ, ವಯಸ್ಸು ಇವಕ್ಕೆ ನಿಜವಾದ ಸೊನ್ನೆಯೂ ಇದೆ. ಮುಂದೆ ಅಂಕಿಅಂಶದ ಯಾವ ಪರೀಕ್ಷೆ ಮಾಡಬಹುದು ಅನ್ನುವುದು ಬಹುಮಟ್ಟಿಗೆ ಇಲ್ಲೇ ತೀರ್ಮಾನವಾಗುತ್ತದೆ. ಹೋಲಿಸುವ ಎರಡು ವಿಷಯಗಳೂ ಬರೀ ಹೆಸರಿನ ಬಗೆಯಾದರೆ ಕೈ-ಸ್ಕ್ವೇರ್ (ಎಣಿಕೆಗಳಿಂದ ಎರಡಕ್ಕೂ ಸಂಬಂಧ ಇದೆಯೇ ಅಂತ ನೋಡುವ ಪರೀಕ್ಷೆ), ಎರಡರಲ್ಲೂ ಕ್ರಮ ಇದ್ದರೆ ಸ್ಪಿಯರ್‌ಮನ್ ಸಹಸಂಬಂಧ (ಒಂದರ ಕ್ರಮ ಏರಿದಂತೆ ಇನ್ನೊಂದರದು ಏರುತ್ತದೆಯೇ ಇಳಿಯುತ್ತದೆಯೇ ಅಂತ ನೋಡುವುದು). ಹಾಗಾಗಿ ಗಂಟೆಯನ್ನೇ ಕೇಳಿ. ಗಂಟೆಗಳನ್ನು ಬೇಕಾದಾಗ ಗುಂಪು ಮಾಡಬಹುದು, ಗುಂಪಿನಿಂದ ಗಂಟೆಗೆ ವಾಪಸ್ ಬರಲು ಆಗಲ್ಲ.

ಈಗ ನಾನು ಪ್ರತಿ ಪ್ರಶ್ನೆಯ ಪಕ್ಕ ‘ಈ ಉತ್ತರ ಯಾವ ಕೋಷ್ಟಕಕ್ಕೆ ಹೋಗುತ್ತದೆ’ ಅಂತ ಮೊದಲೇ ಬರೆದುಕೊಳ್ಳುತ್ತೇನೆ. ಎಲ್ಲಿಗೂ ಹೋಗದ ಪ್ರಶ್ನೆಯನ್ನು ತೆಗೆದುಬಿಡುತ್ತೇನೆ.

---

300 ಯಾಕೆ ಅಂತ ಖಂಡಿತ ಕೇಳುತ್ತಾರೆ. ಆದರೆ ಎಷ್ಟು ಜನ ಅನ್ನುವುದಕ್ಕಿಂತ ಯಾರು ಅನ್ನುವುದು ದೊಡ್ಡ ಪ್ರಶ್ನೆ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮೊದಲು ಲಿಟರರಿ ಡೈಜೆಸ್ಟ್ ಪತ್ರಿಕೆ ‘ಯಾರಿಗೆ ಮತ?’ ಅಂತ ಕೇಳಿ ಸುಮಾರು 1 ಕೋಟಿ ಜನರಿಗೆ ಕಾರ್ಡ್ ಕಳಿಸಿತ್ತು. 20 ಲಕ್ಷಕ್ಕೂ ಜಾಸ್ತಿ ಉತ್ತರ ಬಂತು. ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಅಂತ ಬರೆದರು. ಗೆದ್ದವರು ರೂಸ್‌ವೆಲ್ಟ್, ಅದೂ 48ರಲ್ಲಿ 46 ರಾಜ್ಯಗಳಲ್ಲಿ. ಹೆಸರುಗಳನ್ನು ಹೆಚ್ಚಾಗಿ ತೆಗೆದದ್ದು ಫೋನ್, ಕಾರು ಇದ್ದವರ ಪಟ್ಟಿಯಿಂದ, ಅಂದರೆ ಆ ಕಾಲದ ಅನುಕೂಲಸ್ಥರಿಂದ. ಜೊತೆಗೆ, ಕಾರ್ಡ್ ತುಂಬಿ ಕಳಿಸಿದವರೂ ಕಳಿಸದವರೂ ಒಂದೇ ತರಹದವರಾಗಿರಲಿಲ್ಲ.

ನಿಮ್ಮ ವಿಷಯಕ್ಕೆ ಈ ಅಪಾಯ ಇನ್ನೂ ಹತ್ತಿರ. ಮೊಬೈಲ್‌ನಲ್ಲಿ ಲಿಂಕ್ ಕಳಿಸಿದರೆ ಮೊದಲು ತುಂಬುವವರು ಮೊಬೈಲ್ ಜಾಸ್ತಿ ನೋಡುವವರೇ ಅಲ್ವಾ? ಹಾಜರಿ ಪಟ್ಟಿ ಸಿಕ್ಕರೆ ಅದರಿಂದ ಚೀಟಿ ಎತ್ತಿದ ಹಾಗೆ ಹೆಸರು ಆರಿಸಿ. ದೊಡ್ಡ ಸಮೂಹಕ್ಕೆ 95% ವಿಶ್ವಾಸ ಮಟ್ಟದಲ್ಲಿ ±5% ತಪ್ಪಿನ ಅಂಚು ಬೇಕಾದರೆ (ಅಂದರೆ ಹೀಗೆ ನೂರು ಸಲ ಆರಿಸಿದರೆ ಸುಮಾರು 95 ಸಲ ನಮ್ಮ ಶೇಕಡಾವಾರು ನಿಜವಾದದ್ದರಿಂದ 5ರ ಒಳಗೇ ಇರಬೇಕಾದರೆ) ಸುಮಾರು 385 ಜನ ಸಾಕು ಅನ್ನುವ ಲೆಕ್ಕ ಇದೆ. ಅದು ಹೀಗೆ ಯಾದೃಚ್ಛಿಕವಾಗಿ ಆರಿಸಿದಾಗ ಮಾತ್ರ ನಿಲ್ಲುತ್ತದೆ. ಆಗದಿದ್ದರೆ ‘ಅನುಕೂಲ ಮಾದರಿ’ (ಸುಲಭವಾಗಿ ಸಿಕ್ಕವರನ್ನೇ ಕೇಳಿದ್ದು) ಅಂತ ನೇರವಾಗಿ ಬರೆಯಿರಿ, ಅದರಲ್ಲಿ ಅವಮಾನ ಏನಿಲ್ಲ.

---

ಮೇಲಿನವರು ಹೇಳಿದ್ದಕ್ಕೆ ಪಿ-ವ್ಯಾಲ್ಯೂ ಸೇರಿಸುತ್ತೇನೆ. ನನಗೆ 0.03 ಬಂದಿತ್ತು. ‘ನನ್ನ ಊಹೆ ನಿಜವಾಗಿರುವ ಸಾಧ್ಯತೆ 97%’ ಅಂತ ಬರೆದೆ. ವೈವಾದಲ್ಲಿ ಆ ಒಂದು ವಾಕ್ಯದ ಮೇಲೇ ಅರ್ಧ ಗಂಟೆ ಹೋಯಿತು. ಪಿ-ವ್ಯಾಲ್ಯೂ 0.03 ಅನ್ನುವುದರ ಅರ್ಥ ಇಷ್ಟೇ: ನಿಜವಾಗಿ ಯಾವ ಸಂಬಂಧವೂ ಇಲ್ಲ ಅಂತ ಇಟ್ಟುಕೊಳ್ಳಿ. ಆಗಲೂ ನಮಗೆ ಕಂಡಷ್ಟು ಅಥವಾ ಅದಕ್ಕಿಂತ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಬರುವ ಸಾಧ್ಯತೆ 3%. ಊಹೆ ಎಷ್ಟು ನಿಜ ಅಂತ ಅದು ಹೇಳುವುದಿಲ್ಲ. ಸಂಬಂಧ ಎಷ್ಟು ಬಲವಾಗಿದೆ ಅಂತಲೂ ಹೇಳುವುದಿಲ್ಲ. ಮಾದರಿ (ನಾವು ಕೇಳಿದ ಜನ) ತುಂಬ ದೊಡ್ಡದಿದ್ದರೆ ಕ್ಷುಲ್ಲಕ ವ್ಯತ್ಯಾಸಕ್ಕೂ ಸಾಮಾನ್ಯವಾಗಿ ಇಟ್ಟುಕೊಳ್ಳುವ ಗೆರೆಯಾದ 0.05ಕ್ಕಿಂತ ಕಡಿಮೆ ಬರುತ್ತದೆ.

ಇನ್ನೊಂದು. ಮೊಬೈಲ್ ಜಾಸ್ತಿ, ಅಂಕ ಕಡಿಮೆ ಅಂತ ಕಂಡರೆ ತಕ್ಷಣ ‘ಪರಿಣಾಮ’ ಅನ್ನಬೇಡಿ. ಓದು ಹತ್ತದವರೇ ಮೊಬೈಲ್ ಹಿಡಿಯುತ್ತಿರಬಹುದು. ನಿದ್ದೆ ಕೆಟ್ಟು ಎರಡೂ ಆಗುತ್ತಿರಬಹುದು. ಒಂದೇ ಸಲ ಮಾಡಿದ ಸರ್ವೆಯಿಂದ ಯಾವುದು ಮೊದಲು ಅಂತ ಗೊತ್ತಾಗಲ್ಲ.

---

ಸಾಫ್ಟ್‌ವೇರ್‌ಗೆ ದುಡ್ಡು ಕೊಡಬೇಕಿಲ್ಲ. ಜಮೋವಿ, ಆರ್ ಎರಡೂ ಉಚಿತ. ಆದರೆ ಮೊದಲು ಹತ್ತು ಸಂಖ್ಯೆ ಇಟ್ಟುಕೊಂಡು ಕೈಯಲ್ಲೇ ಮಾಡಿ. ಒಂಬತ್ತು ಜನ 2 ಗಂಟೆ, ಒಬ್ಬರು 12 ಗಂಟೆ ಮೊಬೈಲ್ ನೋಡಿದರೆ ಸರಾಸರಿ 3, ಮಧ್ಯಾಂಕ (ಸಂಖ್ಯೆಗಳನ್ನು ಸಾಲಾಗಿ ಇಟ್ಟಾಗ ನಡುವಿನದು) 2. ಮೂರು ಗಂಟೆ ನೋಡಿದವರು ಒಬ್ಬರೂ ಇಲ್ಲ! ಇದು ಒಮ್ಮೆ ಕಣ್ಣಿಗೆ ಬಿದ್ದರೆ ಪ್ರಮಾಣಿತ ವಿಚಲನೆ (ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) ಯಾಕೆ ಬೇಕು ಅಂತ ತಾನಾಗೇ ಹೊಳೆಯುತ್ತದೆ.

---

ಎಲ್ಲರಿಗೂ ಧನ್ಯವಾದ. ಲಿಂಕ್ ಕಳಿಸಲಿಲ್ಲ. ಹತ್ತು ಜನರ ಮುಂದೆ ಕೂತು ಪ್ರಶ್ನಾವಳಿ ತುಂಬಿಸಿದೆ. ‘ಮೊಬೈಲ್‌ನಿಂದ ನಿಮ್ಮ ಓದು ಮತ್ತು ನಿದ್ದೆ ಕೆಟ್ಟಿದೆಯೇ?’ ಅನ್ನುವಲ್ಲಿ ನಾಲ್ವರು ಪೆನ್ನು ಹಿಡಿದು ನಿಂತುಬಿಟ್ಟರು. ಓದು ಕೆಟ್ಟಿದೆ, ನಿದ್ದೆ ಕೆಟ್ಟಿಲ್ಲ, ಏನಂತ ಬರೆಯಲಿ ಅಂತ ಕೇಳಿದರು. ಅದನ್ನು ಎರಡು ಪ್ರಶ್ನೆ ಮಾಡಿದ್ದೇನೆ. ಹಾಜರಿ ಪಟ್ಟಿಗೆ ಅರ್ಜಿ ಕೊಟ್ಟಿದ್ದೇನೆ.